ರೆಫರಿಯ ಜಾಲತಾಣ

ದೊನ್ ಲೀಬೆರ್ ಎಚೆಗೋಯೆನ್ ಯಾರಿಗೂ ಬೆನ್ನು ತಿರುಗಿಸಿ ಹೋದವರಲ್ಲ. ಇದು ಅಲಂಕಾರಕ್ಕೆ ಆಡಿದ ಮಾತಲ್ಲ. ಉರುಗ್ವೆಯ ಮಾಂಟೆವಿಡಿಯೊ ನಗರದ ಕೊರ್ದೋನ್ ಬಡಾವಣೆಯಲ್ಲಿ ಅವರನ್ನು ಬಲ್ಲ ಯಾರನ್ನು ಕೇಳಿದರೂ ನಗುತ್ತ ಹೇಳುವ ಸಂಗತಿ. ತರಕಾರಿ ಅಂಗಡಿಯಾಕೆಯೊಡನೆ ಮಾತು ಮುಗಿಸಿ ಹೊರಟರೆಂದರೆ, ಎಲ್ಲರಂತೆ ತಿರುಗಿ ನಡೆಯದೆ, ಮುಖವನ್ನು ಆಕೆಯ ಕಡೆಗೇ ಇಟ್ಟುಕೊಂಡು ಮೊದಲು ನಾಲ್ಕಾರು ಹೆಜ್ಜೆ ಹಿಮ್ಮುಖವಾಗಿ, ಆಮೇಲೆ ಓರೆಯಾಗಿ, ಬೀದಿಯ ತಿರುವು ಬಂದ ಮೇಲಷ್ಟೇ ನೇರವಾಗಿ ಸಾಗುತ್ತಿದ್ದರು. ಎಡಗಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಕಹಿ ಚಹಾದ ಎಲೆ ತುಂಬಿದ ಸೋರೆಬುರುಡೆ, ಹೀಗೆ ಹಿಂದಕ್ಕೆ ಹಿಂದಕ್ಕೆ ಸರಿಯುವ ಆ ನೀಳಕಾಯದ ವೃದ್ಧರನ್ನು ಹೊಸಬರು ಕಂಡರೆ ತಲೆ ಕೆಟ್ಟವರೇನೋ ಎಂದುಕೊಳ್ಳುತ್ತಿದ್ದರು. ಅರ್ಧ ಆಯುಷ್ಯವನ್ನು ಫುಟ್‌ಬಾಲ್ ಮೈದಾನದಲ್ಲಿ ರೆಫರಿಯಾಗಿ ಸವೆಸಿದ ಮನುಷ್ಯ ಅವರು. ಚೆಂಡಿನಿಂದ ಕಣ್ಣು ಕೀಳದೆ ಹಿಂದಕ್ಕೆ ಓಡುವುದು, ಆಟಗಾರರೆಲ್ಲ ಮೈಮೇಲೆ ಏರಿ ಬಂದಾಗಲೂ ಬೆನ್ನು ಕೊಡದಿರುವುದು ಆ ವೃತ್ತಿಯ ಮೊದಲ ಪಾಠ. ಅವರು ವೃತ್ತಿಯನ್ನು ಬಿಟ್ಟಿದ್ದರು, ಕಾಲುಗಳು ಬಿಟ್ಟಿರಲಿಲ್ಲ.

ಹಾಗೆಯೇ ಆ ಕೋಟು. ಹಿಂದಿನ ಕಾಲದ ರೆಫರಿಗಳು ತೊಡುತ್ತಿದ್ದಂಥ ಕಪ್ಪು ಕೋಟು. ಮೊಣಕೈಗಳಲ್ಲಿ ಸವೆದು ಕನ್ನಡಿಯಂತೆ ಮಿರುಗುತ್ತಿತ್ತು. ಬೇಸಿಗೆಯಲ್ಲೂ ಅದು ಮೈಮೇಲಿರಲೇಬೇಕು. "ಇದನ್ನ ಹಾಕ್ಕೊಂಡು ನೀನು ಬೀದಿಗೆ ಇಳಿದ್ರೆ ಯಾರೋ ತೀರ್ಕೊಂಡಿದಾರೆ ಅಂತ ಜನ ಟೋಪಿ ತೆಗೀತಾರೆ ಕಣೋ" ಎಂದು ಅವರ ಹೆಂಡತಿ ಚೆಲಾ ಗೊಣಗದ ದಿನವಿರಲಿಲ್ಲ. "ಒಳ್ಳೇದೇ ಆಯ್ತಲ್ಲ. ಹಿಂದೆ ನನ್ನ ಕಂಡ್ರೆ ಟೋಪಿ ತೆಗೆದು ಎಸೀತಿದ್ರು" ಎಂದು ಇವರ ಉತ್ತರ. ಆ ಮನೆಯ ಮೇಲಿನ ಮಹಡಿಯಲ್ಲಿ ವಾಸವಾಗಿದ್ದ ನನಗೆ, ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ಬದುಕುವವನಿಗೆ, ಈ ದಂಪತಿಯ ಮಾತುಗಳು ಮೆಟ್ಟಿಲ ಮೇಲೆ ಹತ್ತಿ ಬರುವುದನ್ನು ಕೇಳುತ್ತ ಕೂರುವುದೇ ದೊಡ್ಡ ಮನರಂಜನೆಯಾಗಿತ್ತು.

ರೆಫರಿಯ ತಾಯಿಯಷ್ಟು ಸಾರ್ವಜನಿಕ ಸ್ಮರಣೆಗೆ ಪಾತ್ರಳಾದ ಹೆಂಗಸು ನಮ್ಮ ಊರಿನಲ್ಲಿ ಇನ್ನೊಬ್ಬಳಿರಲಾರಳು. ದೊನ್ ಲೀಬೆರ್ ಸೀಟಿ ಊದಿದಾಗಲೆಲ್ಲ ಸಹಸ್ರ ಕಂಠಗಳು ಒಂದಾಗಿ ಆ ಮಹಾತಾಯಿಯ ಶೀಲವನ್ನು ಪ್ರಶ್ನಿಸುತ್ತಿದ್ದವು. ಆ ತಾಯಿ, ದೋಞಾ ಇರ್ಮಾ, ಮನೆಯಲ್ಲಿ ರೇಡಿಯೊ ಮುಂದೆ ಕಾಲು ಚಾಚಿ ಕೂತು, ಹೆಣಿಗೆಯ ಕಡ್ಡಿ ನಿಲ್ಲಿಸದೆ ಅದನ್ನೆಲ್ಲ ಕೇಳುತ್ತಿದ್ದರಂತೆ. ಸೊಸೆ ಮುಜುಗರಪಟ್ಟು ರೇಡಿಯೊ ಆರಿಸಲು ಹೋದರೆ, "ಇರ್ಲಿ ಬಿಡೇ, ಅವರು ತಮ್ಮ ತಾಯೀನ ವರ್ಷಕ್ಕೊಂದ್ಸಲನೂ ನೆನೆಸ್ಕೊಳಲ್ಲ. ನನ್ನ ನೋಡು, ಪ್ರತಿ ಭಾನುವಾರ ಇಡೀ ಸ್ಟೇಡಿಯಂ ನೆನೆಯುತ್ತೆ" ಎನ್ನುತ್ತಿದ್ದರಂತೆ. ಬೈಗುಳವನ್ನು ಮಳೆಯಂತೆ ಮೈಮೇಲೆ ಹಾಯಲು ಬಿಡುವ ಆ ಪ್ರಸನ್ನತೆ ಮಗನಿಗೆ ತಾಯಿಯಿಂದ ಬಂದ ಆಸ್ತಿ.

ಇನ್ನು ಅವರ ಮಾತು. ಯಾರು ಏನು ಹೇಳಲು ತಡವರಿಸಿದರೂ ಅಂಗೈಗಳೆರಡನ್ನೂ ಮೇಲಕ್ಕೆ ಚಾಚಿ, "ಸಾಗಲಿ, ಸಾಗಲಿ" ಎನ್ನುವುದು ಅವರ ಪದ್ಧತಿ. ಮೈದಾನದಲ್ಲಿ ಸಣ್ಣಪುಟ್ಟ ತಳ್ಳಾಟಕ್ಕೆ ಆಟ ನಿಲ್ಲಿಸದೆ ಮುಂದುವರಿಸಲು ರೆಫರಿಗಳು ಮಾಡುವ ಸನ್ನೆ ಅದು. ಚೆಲಾ ಅಡುಗೆಮನೆಯಿಂದ ಸಿಡಿಮಿಡಿಗೊಂಡರೂ "ಸಾಗಲಿ, ಸಾಗಲಿ", ನಾನು ಕೆಲಸ ಕಳೆದುಕೊಳ್ಳುವ ಭಯವನ್ನು ತೋಡಿಕೊಂಡರೂ "ಸಾಗಲಿ, ಸಾಗಲಿ." ಅದರಲ್ಲಿ ಉಪೇಕ್ಷೆಯಿರಲಿಲ್ಲ. ಎದುರಿಗಿದ್ದವನು ತನ್ನ ಮಾತಿನ ಕೊನೆಯನ್ನು ತಾನೇ ಕಂಡುಕೊಳ್ಳಲಿ ಎಂಬ ಅಪಾರ ತಾಳ್ಮೆಯಿತ್ತು.

ಈ ತಾಳ್ಮೆಯೇ ಅವರನ್ನು ಎರಡನೆಯ ವೃತ್ತಿಗೆ ಎಳೆದದ್ದು. ವಯಸ್ಸಿನ ಕಟ್ಟಳೆಗೆ ಸಿಕ್ಕಿ ಸೀಟಿಯನ್ನು ಕೆಳಗಿಟ್ಟ ಮೇಲೆ ಅವರು ಕೆಲಕಾಲ ಎಳೆಯ ರೆಫರಿಗಳಿಗೆ ನಿಯಮಾವಳಿಯ ಪಾಠ ಹೇಳಿದರು. ಪಾಠ ಮುಗಿದ ಮೇಲೂ ಕೆಲವರು ಕುರ್ಚಿ ಬಿಟ್ಟೇಳುತ್ತಿರಲಿಲ್ಲ. ಒಬ್ಬನಿಗೆ ಮೈದಾನದಲ್ಲಿ ಹುಲಿಯಂತೆ ಗರ್ಜಿಸುವ ಗಂಟಲು, ಮನೆಯಲ್ಲಿ ಮಾವನ ಮುಂದೆ ಮಾತೇ ಹೊರಡದು. ಆಸ್ಪತ್ರೆಯೊಂದರಲ್ಲಿ ದಾದಿಯರ ಮೇಲ್ವಿಚಾರಕಿಯಾಗಿದ್ದ ಒಬ್ಬಳು, ಸಹೋದ್ಯೋಗಿಯ ಮೇಲೆ ದೂರು ಕೊಡಲೋ ಬೇಡವೋ ಎಂದು ತಿಂಗಳುಗಟ್ಟಲೆ ಕೊರಗುತ್ತಿದ್ದಳು. ದೊನ್ ಲೀಬೆರ್ ಇವರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಿದ್ದರು: "ನೀನು ಎಲ್ಲಿ ನಿಂತು ನೋಡಿದೆ?" ನಿಂತ ಜಾಗ ತಿಳಿದರೆ ಕಂಡದ್ದೆಷ್ಟು, ಕಾಣದೆ ಊಹಿಸಿದ್ದೆಷ್ಟು ಎಂಬುದು ತಾನಾಗಿ ಬೇರೆಯಾಗುತ್ತದೆ ಎಂಬುದು ಅವರ ಅನುಭವ. ಬಂದವರು ಹಗುರಾಗಿ ಹೋಗುತ್ತಿದ್ದರು.

"ಪುಕ್ಕಟೆ ಕೇಳಿಸ್ಕೊಂಡು ಕೂತಿದೀಯಲ್ಲ, ಇದನ್ನೇ ಕಲಿಸೋ ಶಾಲೆ ಇದೆಯಂತೆ. ಕೋಚ್ ಅಂತ ಕರೀತಾರಂತೆ. ಹೋಗಿ ಒಂದು ಸರ್ಟಿಫಿಕೇಟ್ ತಗೊಂಡ್ ಬಾ" ಎಂದು ಚೆಲಾ ಒಂದು ದಿನ ಕಟ್ಟಾಜ್ಞೆ ಮಾಡಿದರು. ಇವರು ಹೋದರು, ತಮ್ಮ ಅರ್ಧ ವಯಸ್ಸಿನವರ ನಡುವೆ ಬೆಂಚಿನಲ್ಲಿ ಕೂತು ಕಲಿತರು, ಚೌಕಟ್ಟು ಹಾಕಿದ ಪ್ರಮಾಣಪತ್ರದೊಂದಿಗೆ ಮರಳಿದರು. ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಎರಡು ಕುರ್ಚಿ ಹಾಕಿದರು; ಎದುರುಬದುರಾಗಿ ಅಲ್ಲ, ಎರಡೂ ಒಂದೇ ಕಿಟಕಿಯ ಕಡೆಗೆ ಮುಖಮಾಡಿ, ಪಕ್ಕಪಕ್ಕದಲ್ಲಿ ಕೊಂಚ ಓರೆಯಾಗಿ. ಬಾಗಿಲಿಗೆ "ಕೋಚ್" ಎಂಬ ಫಲಕ ಬಿತ್ತು. ಮೊದಲ ವಾರ ಬಂದವನು ತನ್ನ ಬಡಾವಣೆಯ ತಂಡಕ್ಕೆ ಫುಟ್‌ಬಾಲ್ ಕಲಿಸುವವರನ್ನು ಹುಡುಕುತ್ತಿದ್ದ. ಎರಡನೆಯ ವಾರ ಬಂದಾಕೆ ಕೆಳಗಿನ ಅಂಗಡಿಗೆ ಹೋಗಬೇಕಾದವಳು, ಬಾಗಿಲು ತಪ್ಪಿ ಬಂದು ಮೊಳೆಯ ಬೆಲೆ ಕೇಳಿದಳು.

ಆಗ ರಂಗಕ್ಕೆ ಬಂದದ್ದು ಅವರ ಅಕ್ಕನ ಮಗಳು ಮಾಯ್ತೆ. ಜಾಲತಾಣಗಳನ್ನು ರಚಿಸಿಕೊಡುವುದೇ ಆಕೆಯ ಕಸುಬು. ಕ್ಷೌರದಂಗಡಿಗಳಿಗೆ, ಪಶುವೈದ್ಯರಿಗೆ, ಶವಸಂಸ್ಕಾರ ನಡೆಸಿಕೊಡುವ ಒಂದು ಸಂಸ್ಥೆಗೆ ಕೂಡ ಮಾಡಿಕೊಟ್ಟಿದ್ದಳು.

"ಮಾಮ, ಈ ಕಾಲದಲ್ಲಿ ವೆಬ್‌ಸೈಟ್ ಇಲ್ಲದೋನು ಬದುಕಿದಾನೋ ಸತ್ತಿದಾನೋ ಜನಕ್ಕೆ ಗೊತ್ತೇ ಆಗಲ್ಲ."

"ಸತ್ತೋರಿಗೂ ನೀನೇ ಮಾಡಿಕೊಟ್ಟಿದೀಯಲ್ಲಮ್ಮ, ಇನ್ನೇನು ಗೊತ್ತಾಗುತ್ತೆ?"

"ತಮಾಷೆ ಸಾಕು. ಫೋಟೋಗೆ ಕೂತ್ಕೋ."

ಫೋಟೋ ತೆಗೆದಳೇನೋ ನಿಜ, ಆದರೆ ತಾಣದಲ್ಲಿ ಹಾಕಲಿಲ್ಲ. ಅದರ ಮೊದಲ ಪುಟದಲ್ಲಿ ಮೂಡಿದ್ದು ಒಂದು ಉತ್ತುಂಗ ಪರ್ವತ, ಅದರ ಶಿಖರದ ಮೇಲೆ ಸೂರ್ಯೋದಯಕ್ಕೆ ತೋಳು ಚಾಚಿ ನಿಂತ ಒಬ್ಬ ಯುವಕ. ಹೆಸರು "ಎಲ್. ಎಚೆಗೋಯೆನ್" ಎಂದು ಮೊಟಕಾಗಿತ್ತು. ಅನುಭವದ ಸಾಲಿನಲ್ಲಿ "ದೊಡ್ಡ ಜನಸಮೂಹಗಳ ನಡುವೆ ತೀವ್ರ ಒತ್ತಡದಲ್ಲಿ ನಿರ್ಧಾರ ಕೈಗೊಂಡ ದೀರ್ಘಾನುಭವ" ಎಂದಿತ್ತು. ದೊನ್ ಲೀಬೆರ್ ಕನ್ನಡಕವನ್ನು ಹಣೆಗೇರಿಸಿ ಅದನ್ನು ದಿಟ್ಟಿಸಿದರು.

"ಈ ಬೆಟ್ಟ ಯಾವುದು?"

"ಸುಮ್ನೆ ಒಂದು ಬೆಟ್ಟ, ಮಾಮ. ಎಲ್ಲಾ ಕೋಚ್‌ಗಳೂ ಹಾಕ್ತಾರೆ."

"ನಮ್ಮ ಉರುಗ್ವೆಯಲ್ಲಿ ಇಂಥ ಬೆಟ್ಟ ಎಲ್ಲಿದೆ? ನನ್ನ ಹತ್ರ ಬರೋರು ಕಬ್ಬಿಣದಂಗಡಿ ಮೆಟ್ಲು ಹತ್ತಿದ್ರೆ ಸಾಕು ಅಂತ ಬರೀಬಾರದಾ?"

ಮಾಯ್ತೆ ಕಣ್ಣು ಮೇಲೆತ್ತಿದಳು. ಅವರು ಅಂಗೈ ಚಾಚಿದರು: ಸಾಗಲಿ, ಸಾಗಲಿ.

ಹೆಸರನ್ನು ಮೊಟಕು ಮಾಡಿದ್ದಕ್ಕೆ ಕಾರಣವಿತ್ತು. ಆ ಕಾರಣ ನಮ್ಮ ಊರಿಗೆಲ್ಲ ಗೊತ್ತಿತ್ತು. ವೃತ್ತಿಜೀವನದ ಉತ್ತರಾರ್ಧದಲ್ಲಿ ಎರಡನೆಯ ದರ್ಜೆಯ ತಂಡಗಳ ನಿರ್ಣಾಯಕ ಪಂದ್ಯವೊಂದನ್ನು ಅವರು ನಡೆಸಿದ್ದರು. ಗೆದ್ದವರು ಮೊದಲ ದರ್ಜೆಗೆ ಏರುತ್ತಾರೆ. ಲಾ ತೇಹಾ ಬಡಾವಣೆಯ ಫಾರೋಲ್ ಸಂಘ ಅಲ್ಲಿಯವರೆಗೆ ಎಂದೂ ಏರಿರಲಿಲ್ಲ. ಅಂದು ಸಮಬಲ ಕಾಯ್ದುಕೊಂಡರೂ ಸಾಕಿತ್ತು. ಕೊನೆಯ ಗಳಿಗೆಗಳಲ್ಲಿ ಎದುರಾಳಿಯ ಹೊಡೆತವೊಂದು ಫಾರೋಲ್ ತಂಡದ ನಾಯಕ ವಿಲ್ಮಾರ್ ಫಗುಂದೆಸ್‌ಗೆ ಬಡಿದು ದಿಕ್ಕು ಬದಲಿಸಿತು. ದೊನ್ ಲೀಬೆರ್ ಅವನ ಹಿಂದೆ ಸಿಕ್ಕಿಕೊಂಡಿದ್ದರು. ಅವರಿಗೆ ಕಂಡದ್ದು ಅವನ ಬೆನ್ನು, ಮೇಲೆದ್ದ ತೋಳು, ತಿರುಗಿದ ಚೆಂಡು. ಕೈಗೆ ತಗುಲಿತೆಂದು ಸೀಟಿ ಊದಿದರು. ಪೆನಾಲ್ಟಿ ಗೋಲಾಯಿತು, ಫಾರೋಲ್ ಕೆಳಗೇ ಉಳಿಯಿತು. ಆ ಸಂಜೆ ಟೀವಿಯಲ್ಲಿ ಮುಂದಿನಿಂದ ತೆಗೆದ ಚಿತ್ರ ನೋಡಿದಾಗ ಚೆಂಡು ಬಡಿದದ್ದು ಎದೆಯಂಚಿಗೋ ಕೈಗೋ ಎಂದು ಊರಿಗೆಲ್ಲ ಸಂಶಯ ಉಳಿಯಿತು; ತಾವು ತಪ್ಪಿದೆವೆಂಬುದರಲ್ಲಿ ಅವರಿಗೆ ಉಳಿಯಲಿಲ್ಲ. ಆದರೆ ರೆಫರಿಗಳು ಬಹಿರಂಗವಾಗಿ ಮಾತಾಡುವಂತಿರಲಿಲ್ಲ. ಆಮೇಲೆ ಮಾತಾಡಬಹುದಾದ ದಿನ ಬಂದಾಗ ಕೇಳುವವರಿರಲಿಲ್ಲ. ಉಳಿದದ್ದು ಆ ದೃಶ್ಯದ ತುಣುಕು ಮಾತ್ರ. ವೀಕ್ಷಕ ವಿವರಣೆಗಾರನ ಆಕ್ರಂದನದೊಂದಿಗೆ ಅದು ಜಾಲದಲ್ಲಿ ಚಿರಂಜೀವಿಯಾಯಿತು. ಎಚೆಗೋಯೆನ್ ಎಂಬ ಹೆಸರನ್ನು ಯಾರು ಹುಡುಕಿದರೂ ಮೊದಲು ಎದುರಾಗುತ್ತಿದ್ದುದು ಅದೇ.

ಪರ್ವತದ ಚಿತ್ರಕ್ಕೆ ಮಾರುಹೋಗಿ ಬಂದವರು ಒಬ್ಬರೇ: ಖಾಸಗಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಒಪ್ಪವಾದ ಮಹಿಳೆ, ಸಮಯಕ್ಕೆ ಸರಿಯಾಗಿ ಮೆಟ್ಟಿಲು ಹತ್ತುವ ಸದ್ದು ಕೇಳಿ ದೊನ್ ಲೀಬೆರ್ ಕೋಟಿನ ಗುಂಡಿ ಹಾಕಿಕೊಂಡರು. ಸದ್ದು ಬಾಗಿಲ ಹೊರಗೆ ನಿಂತಿತು. ಮರುಕ್ಷಣ ಆಕೆಯ ಮೊಬೈಲಿನಿಂದ ವಿವರಣೆಗಾರನ ಆ ಸುಪರಿಚಿತ ಆಕ್ರಂದನ ಕೇಳಿಬಂತು. ಇವರು ಬಾಗಿಲು ತೆರೆದರು.

"ನೀವು... ಆ ಪೆನಾಲ್ಟಿಯವರಾ?"

"ಹೌದಮ್ಮ, ನಾನೇ. ಬನ್ನಿ ಒಳಗೆ."

"ಅಯ್ಯೋ, ಕಾರನ್ನ ಅಡ್ಡ ನಿಲ್ಲಿಸಿದೀನಿ. ಈಗ ಬಂದೆ" ಎಂದು ಆಕೆ ಇಳಿದು ಹೋದರು, ಬರಲಿಲ್ಲ.

ಈ ಪ್ರಸಂಗವನ್ನು ಅವರು ನಮಗೆ ನಗುತ್ತಲೇ ಹೇಳಿದರು. ಆದರೆ ಆ ಚಳಿಗಾಲದಲ್ಲಿ ಅವರ ನಡಿಗೆ ಬದಲಾದುದನ್ನು ನಾನು ಗಮನಿಸಿದೆ. ಬಡಾವಣೆಯ ಚೌಕವನ್ನು ಸದಾ ಮೂಲೆಯಿಂದ ಮೂಲೆಗೆ, ರೆಫರಿಗಳು ಮೈದಾನವನ್ನು ಹಾಯುವಂತೆ ಕರ್ಣರೇಖೆಯಲ್ಲಿ ದಾಟುತ್ತಿದ್ದವರು ಈಗ ಗೋಡೆಯ ಬದಿಯಿಂದ ಬಳಸಿ ಹೋಗತೊಡಗಿದ್ದರು. ಕೋಣೆಯ ಕರಾರು ವಸಂತಕ್ಕೆ ಮುಗಿಯುವುದಿತ್ತು. ಅದೇ ಸಮಯಕ್ಕೆ ಟೀವಿ ಕಾರ್ಯಕ್ರಮದವರೊಬ್ಬರು ಕರೆ ಕಳಿಸಿದರು. ಹಳೆಯ ಪಂದ್ಯಗಳ ಪ್ರಮಾದಗಳನ್ನು ತೋರಿಸಿ ನಗಿಸುವ ಕಾರ್ಯಕ್ರಮ ಅದು; ದೊನ್ ಲೀಬೆರ್ ಪ್ರತಿ ವಾರ ಅಲ್ಲಿ ಒಂದು ಕುರ್ಚಿಯಲ್ಲಿ ಕೂರಬೇಕು, ದಪ್ಪ ಗಾಜಿನ ಕನ್ನಡಕ ಹಾಕಬೇಕು, ಆಗಾಗ ಸೀಟಿ ಊದಬೇಕು. ಒಳ್ಳೆಯ ಸಂಭಾವನೆ. "ಹೋಗ್ತೀಯಾ?" ಎಂದು ಚೆಲಾ ಕೇಳಿದಾಗ, ಎಲ್ಲದಕ್ಕೂ ಉತ್ತರವಿದ್ದ ಆ ಮನುಷ್ಯ ಮಾಟೆಗೆ ನೀರು ಸುರಿಯತೊಡಗಿದರು. ಹೋಗಿಬಿಡುತ್ತಾರೆಂದೇ ನಮಗೆಲ್ಲ ತೋರಿತು.

ಒಂದು ಮಳೆಯ ಮಧ್ಯಾಹ್ನ ಚೆಲಾ ಕೊಬ್ಬಿನಲ್ಲಿ ರೊಟ್ಟಿ ಕರಿಯುತ್ತಿದ್ದರು. ಮಳೆ ಬಂದರೆ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಅದೇ ವಾಸನೆ. ನಾನೂ ವಾಸನೆ ಹಿಡಿದು ಕೆಳಗಿಳಿದಿದ್ದೆ. ಮೇಜಿನ ಮೇಲೆ ತನ್ನ ಕಂಪ್ಯೂಟರು ತೆರೆದಿಟ್ಟುಕೊಂಡು ಮಾಯ್ತೆ ಹೊಸ ಯುಕ್ತಿಯೊಂದನ್ನು ವಿವರಿಸುತ್ತಿದ್ದಳು.

"ನೋಡು ಮಾಮ, ನಾಯಕತ್ವ, ಆತ್ಮವಿಶ್ವಾಸ ಅಂತ ಒಂದಷ್ಟು ಲೇಖನ ಹಾಕ್ತಾ ಹೋಗೋಣ. ಈ ಮೇಲಿನ ಮನೆಯವರು ಬರೆದುಕೊಡ್ತಾರೆ. ಆಗ ಆ ಹಾಳು ವಿಡಿಯೋ ಕೆಳಗೆ ಕೆಳಗೆ ಹೋಗುತ್ತೆ. ಎರಡನೇ ಪುಟ ಯಾರೂ ನೋಡಲ್ಲ."

ದೊನ್ ಲೀಬೆರ್ ರೊಟ್ಟಿಯ ಮೇಲಿನ ಸಕ್ಕರೆಯನ್ನು ಬೆರಳಿಂದ ಒರೆಸಿದರು. "ಕೆಳಗೆ ಹೋಗೋದು ಬೇಡ" ಎಂದರು. "ಮೇಲಕ್ಕೆ ತಾ."

"ಅಂದ್ರೆ?"

"ನಮ್ಮ ಮೊದಲನೇ ಪುಟದಲ್ಲೇ ಹಾಕು. ಆ ಬೆಟ್ಟ ತೆಗೆದು ಅದನ್ನ ಇಡು. ಹೇಗಿದ್ರೂ ನನ್ನ ಹುಡುಕೋರು ಅದನ್ನ ನೋಡೇ ನೋಡ್ತಾರೆ. ಬೇರೆಯವರ ಮನೇಲಿ ನೋಡೋ ಬದಲು ನನ್ನ ಮನೇಲೇ ನೋಡ್ಲಿ. ಪಕ್ಕದಲ್ಲಿ ನಾನಿರ್ತೀನಿ."

"ನಿಂಗೇನು ಹುಚ್ಚಾ ಮಾಮ? ಗಿರಾಕಿಗಳನ್ನ ಕರೆಯೋಕೆ ಮಾಡಿರೋದಿದು, ಓಡಿಸೋಕಲ್ಲ!"

ಒಲೆಯ ಕಡೆಯಿಂದ ಚೆಲಾ ತಿರುಗಲಿಲ್ಲ. "ಹಾಕು ಮಗೂ" ಎಂದಷ್ಟೇ ಹೇಳಿದರು. "ಇಷ್ಟು ವರ್ಷ ಇವನು ನಿದ್ದೇಲಿ ಇದನ್ನೇ ಹೇಳ್ತಿದಾನೆ. ಒಂದ್ಸಲ ಎಚ್ಚರ ಇದ್ದಾಗ ಹೇಳ್ಲಿ."

ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಹೇಳುತ್ತ ಹೋದರು, ನಾನು ಬರೆದೆ; ವೃತ್ತಿಯ ಚಾಳಿಯಿಂದ ಅಲ್ಲಲ್ಲಿ ಒಂದಿಷ್ಟು ನಯಗೊಳಿಸಿ ಓದಿ ತೋರಿಸಿದೆ. "ಆ ದಿನ ಜಡಿಮಳೆಯಿತ್ತು" ಎಂಬಲ್ಲಿ ಅವರು ಕೈಯೆತ್ತಿ ತಡೆದರು.

"ಮಳೆ ತೆಗೀರಿ."

"ಮಳೆ ಬರ್ತಿದ್ದದ್ದು ನಿಜ ತಾನೇ?"

"ನಿಜ. ಆದ್ರೆ ಫಗುಂದೆಸ್ ಮೇಲೂ ಬರ್ತಿತ್ತು. ಅವನೇನೂ ತಪ್ಪು ಮಾಡ್ಲಿಲ್ಲ."

ಮಳೆ ಹೋಯಿತು. "ಕ್ಷಣಾರ್ಧದಲ್ಲಿ ನಿರ್ಧರಿಸಬೇಕಾದ ಅನಿವಾರ್ಯತೆ" ಹೋಯಿತು. ನಾನು ಬಹಳ ಪ್ರೀತಿಯಿಂದ ಹೆಣೆದಿದ್ದ "ಮಾನವಸಹಜ" ಎಂಬ ಪದವೂ ಹೋಯಿತು. ಕೊನೆಗೆ ಉಳಿದದ್ದು ಕೆಲವೇ ಸಾಲು: ನನ್ನ ಹೆಸರು ಲೀಬೆರ್ ಎಚೆಗೋಯೆನ್. ಈ ಪೆನಾಲ್ಟಿ ಕೊಟ್ಟವನು ನಾನು. ಅದು ಪೆನಾಲ್ಟಿ ಆಗಿರಲಿಲ್ಲ. ನಾನು ಬೆನ್ನ ಹಿಂದೆ ನಿಂತಿದ್ದೆ, ಕಾಣದ್ದನ್ನು ಕಂಡೆನೆಂದು ನಂಬಿದೆ. ನೀವು ನಿರ್ಧಾರ ಮಾಡಬೇಕಾದವರಾದರೆ, ಅಥವಾ ಮಾಡಿ ತಪ್ಪಿದವರಾದರೆ, ಬನ್ನಿ, ಕೂತು ಮಾತಾಡೋಣ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನೀವು ಎಲ್ಲಿ ನಿಂತು ನೋಡಿದಿರಿ?

ಅದರಡಿಯಲ್ಲಿ ಕಬ್ಬಿಣದಂಗಡಿಯ ವಿಳಾಸ, ಕಪ್ಪು ಕೋಟಿನಲ್ಲಿ ನೆಟ್ಟಗೆ ನಿಂತ ಅವರ ಭಾವಚಿತ್ರ, ಸಂದೇಶ ಕಳಿಸಲು ಒಂದು ಜಾಗ.

ಸಂದೇಶಗಳು ಬಂದವು; ಪ್ರವಾಹದಂತೆ ಬಂದವು. ಫಾರೋಲ್ ಅಭಿಮಾನಿಗಳು ಆ ಕೊಂಡಿಯನ್ನು ಒಬ್ಬರಿಂದೊಬ್ಬರಿಗೆ ಕಳಿಸಿ, ಎಷ್ಟೋ ವರ್ಷಗಳಿಂದ ಹುಳಿಬರಿಸಿ ಇಟ್ಟುಕೊಂಡಿದ್ದ ಬೈಗುಳಗಳನ್ನೆಲ್ಲ ಅಲ್ಲಿ ಸುರಿದರು. ಆ ಜಾಗವನ್ನು ಮುಚ್ಚಿಬಿಡುತ್ತೇನೆಂದು ಮಾಯ್ತೆ ಅಳುವಂತಾದಳು. ಅವರು ಒಪ್ಪಲಿಲ್ಲ. "ಬೈಯೋಕಾದ್ರೂ ಬಾಗಿಲವರೆಗೆ ಬಂದಿದಾರಲ್ಲಮ್ಮ" ಎಂದು, ಕಬ್ಬಿಣದಂಗಡಿಯ ಮೇಲೆ ಕೂತು, ಎರಡು ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟುತ್ತ ಪ್ರತಿಯೊಬ್ಬರಿಗೂ ಉತ್ತರ ಬರೆದರು. ಕಣ್ಣಿನ ಆಸ್ಪತ್ರೆಗೆ ಚಂದಾ ಎತ್ತಲೇ ಎಂದು ಕೇಳಿದವನಿಗೆ: "ಕಣ್ಣು ಆಗ ಚೆನ್ನಾಗಿಯೇ ಇತ್ತು, ನಿಂತ ಜಾಗ ತಪ್ಪಿತ್ತು. ಈಗ ಕನ್ನಡಕ ಬಂದಿದೆ, ನಿಮ್ಮ ಕಾಳಜಿಗೆ ವಂದನೆ." ತಾಯಿಯನ್ನು ಎಳೆತಂದವನಿಗೆ: "ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಇನ್ನೂ ನೆನೆಯುವವರಿದ್ದಾರೆಂದು ತಿಳಿದಿದ್ದರೆ ಸಂತೋಷಪಡುತ್ತಿದ್ದರು. ಉಳಿದಂತೆ ನೀವು ಹೇಳಿದ್ದು ಸರಿ." ಇಂಥ ಉತ್ತರಗಳನ್ನು ಪಡೆದವರು ಮತ್ತೆ ಬೈಯಲು ತಡವರಿಸಿದರು. ಒಬ್ಬಿಬ್ಬರು ಚೆಲಾ ಹೇಗಿದ್ದಾರೆಂದೂ ವಿಚಾರಿಸಿದರಂತೆ.

ಆ ಪ್ರವಾಹದ ನಡುವೆ ಒಂದು ಸಂದೇಶ ಒಂದೇ ಸಾಲಿನದು. "ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ? ವಿಲ್ಮಾರ್ ಫಗುಂದೆಸ್." ಅದಕ್ಕೆ ಉತ್ತರ ಬರೆಯುವ ಮುನ್ನವೇ ವಿಲ್ಮಾರ್ ಸ್ವತಃ ಮೆಟ್ಟಿಲು ಹತ್ತಿ ಬಂದ.

ಆ ಕೋಣೆಯೊಳಗೆ ನಡೆದದ್ದನ್ನು ದೊನ್ ಲೀಬೆರ್ ಎಂದೂ ಬಾಯಿಬಿಟ್ಟವರಲ್ಲ. ನನಗೆ ಹೇಳಿದ್ದು ವಿಲ್ಮಾರ್, ಬಹಳ ದಿನಗಳ ನಂತರ, ಲಾ ತೇಹಾದ ತನ್ನ ಬೇಕರಿಯ ಗಲ್ಲೆಯ ಹಿಂದೆ ನಿಂತು, ಗಿರಾಕಿಗಳಿಗೆ ಬನ್ನು ಕಟ್ಟಿಕೊಡುತ್ತ. ಆಡಿದ ದಿನಗಳ ಗಟ್ಟಿ ಕಾಯ ಈಗ ಸ್ಥೂಲವಾಗಿ, ಕೂದಲು ಹಿಟ್ಟು ಬಿದ್ದಂತೆ ನರೆತಿತ್ತು. ಅಂದು ಅವನು ಒಳ್ಳೆಯ ಅಂಗಿ ತೊಟ್ಟು ಹೋಗಿದ್ದನಂತೆ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹೇಳಿ" ಎಂದ.

"ಏನು ಹೇಳಲಿ?"

"ಅಲ್ಲಿ ಬರೆದಿರೋದನ್ನ. ಓದಿದೀನಿ ನಾನು. ಬಾಯಿಂದ ಹೇಳಿ."

ದೊನ್ ಲೀಬೆರ್ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. "ಚೆಂಡು ನಿನ್ನ ಎದೆಗೆ ಬಡೀತು, ಫಗುಂದೆಸ್. ಕೈಗಲ್ಲ. ತಪ್ಪು ನಂದು."

ವಿಲ್ಮಾರ್ ಕಿಟಕಿಯ ಕಡೆ ತಿರುಗಿದ. "ನಮ್ಮಪ್ಪ ಸಾಯೋವರೆಗೂ ಕೇಳ್ತಿದ್ರು, ಗೊತ್ತಾ ನಿಮಗೆ? ಹಬ್ಬದ ದಿನ, ಎಲ್ಲರೂ ಊಟಕ್ಕೆ ಕೂತಿರೋವಾಗ. 'ನಿಜ ಹೇಳ್ಬಿಡು ಮಗಾ, ನಾವ್ಯಾರೂ ಬೈಯಲ್ಲ, ಕೈಗೆ ಸ್ವಲ್ಪ ತಗುಲ್ತು ಅಲ್ವಾ?' ಅಂತ. ಇಡೀ ಲಾ ತೇಹಾ ನಿಮ್ಮನ್ನ ಬೈತಿತ್ತು. ಆದ್ರೆ ಒಳಗೊಳಗೆ ಎಲ್ಲರಿಗೂ ನನ್ನ ಮೇಲೇ ಅನುಮಾನ."

ದೊನ್ ಲೀಬೆರ್ ಕ್ಷಮಿಸು ಎನ್ನಲಿಲ್ಲವಂತೆ. ಅದು ತೀರ ಸಣ್ಣ ಮಾತೆಂದು ಅನ್ನಿಸಿರಬೇಕು. ಫ್ಲಾಸ್ಕು ತೆರೆದು ಮಾಟೆಗೆ ನೀರು ಹೊಯ್ದು ಅವನ ಕೈಗಿತ್ತರು. ವಿಲ್ಮಾರ್ ಒಂದು ಗುಟುಕು ಹೀರಿ, ಕುರ್ಚಿಯಲ್ಲಿ ಕುಸಿದ. "ಕಹಿ ಜಾಸ್ತಿ ಹಾಕಿದೀರಾ" ಎಂದ. ಇಬ್ಬರೂ ಕಿಟಕಿಯಾಚೆಯ ಮರಗಳನ್ನು ನೋಡುತ್ತ ಕೂತರು. ಅಷ್ಟಕ್ಕೇ ಎದ್ದು ಹೋಗಬಹುದಾಗಿದ್ದ ವಿಲ್ಮಾರ್ ಹೋಗಲಿಲ್ಲ. ಆ ಪುಟವನ್ನು ಓದಿದ್ದ ದಿನದಿಂದ ಅವನ ಎದೆಯಲ್ಲಿ ಚುಚ್ಚುತ್ತಿದ್ದುದು ಪೆನಾಲ್ಟಿಯೊಂದೇ ಅಲ್ಲ. ಅದರ ಕೊನೆಯ ಪ್ರಶ್ನೆ.

ಬೇಕರಿಯನ್ನು ಅವನೂ ಅವನ ತಮ್ಮ ಆರಿಯೆಲ್‌ನೂ ಸೇರಿ ಕಟ್ಟಿದ್ದರು. ಎರಡು ಚಳಿಗಾಲದ ಹಿಂದೆ, ಪಕ್ಕದ ಬೀದಿಯಲ್ಲಿ ಖಾಲಿ ಬಿದ್ದಿದ್ದ ಮಳಿಗೆಯ ಮುಂದೆ ತಮ್ಮ ಅದರ ಒಡೆಯನ ಕೈ ಕುಲುಕುವುದನ್ನು ವಿಲ್ಮಾರ್ ಕಂಡ. ತನಗೆ ತಿಳಿಸದೆ ಬೇರೆ ಬೇಕರಿ ತೆರೆಯುತ್ತಿದ್ದಾನೆಂದು ತೀರ್ಮಾನಿಸಿದ. ಅಂಗಡಿ ತುಂಬ ಗಿರಾಕಿಗಳಿರುವಾಗ, ಕೆಲಸದವರ ಮುಂದೆ, ಕಳ್ಳ ಎಂದು ಕೂಗಿ ತಮ್ಮನನ್ನು ಹೊರಗೆ ಹಾಕಿದ. ಕೆಲವು ವಾರಗಳ ಬಳಿಕ ಆ ಮಳಿಗೆಯಲ್ಲಿ ತೆರೆದದ್ದು ಆರಿಯೆಲ್‌ನ ಹೆಂಡತಿಯ ಹೊಲಿಗೆ ಅಂಗಡಿ.

"ಎಲ್ಲಿ ನಿಂತು ನೋಡಿದೆ?" ಎಂದು ದೊನ್ ಲೀಬೆರ್ ಇದನ್ನೆಲ್ಲ ಅವನ ಬಾಯಿಂದ ಕೇಳಿಸಿಕೊಂಡ ಮೇಲೆ ಕೇಳಿದರು.

"ಬೀದಿಯ ಈಚೆಯಿಂದ. ವ್ಯಾನಲ್ಲಿ ಕೂತಿದ್ದೆ."

"ಮಾತು ಕೇಳಿಸ್ತಾ?"

"ಇಲ್ಲ."

"ತಮ್ಮನ ಮುಖ ಕಾಣ್ತಿತ್ತಾ?"

"ಬೆನ್ನು ಕಾಣ್ತಿತ್ತು" ಎಂದ ವಿಲ್ಮಾರ್. ಹಾಗೆಂದವನೇ ಪಕ್ಕದ ಕುರ್ಚಿಯಲ್ಲಿದ್ದವರನ್ನು ನೋಡಿದ. ಇಬ್ಬರಿಗೂ ಒಟ್ಟಿಗೆ ನಗು ಬಂತಂತೆ. ಸಂತೋಷದ ನಗುವಲ್ಲ, ಆದರೆ ನಗುವೇ. "ಆ ನಗು ಬರದಿದ್ರೆ ನಾನು ಮತ್ತೆ ಆ ಮೆಟ್ಲು ಹತ್ತುತ್ತಾನೇ ಇರ್ಲಿಲ್ಲ" ಎಂದು ವಿಲ್ಮಾರ್ ಬೇಕರಿಯಲ್ಲಿ ನನಗೆ ಹೇಳಿದ.

ಮರುದಿನವೇ ತಮ್ಮನ ಮನೆಗೆ ಓಡಿದನೆಂದು ಹೇಳಿದರೆ ಕಥೆ ಅಂದವಾಗುತ್ತದೆ, ಆದರೆ ಹಾಗೆ ನಡೆಯಲಿಲ್ಲ. ಮತ್ತೆ ಮತ್ತೆ ಬಂದ. ಒಮ್ಮೆ ಸಂದೇಶ ಬರೆದು ಕಳಿಸುತ್ತೇನೆಂದ. ಒಮ್ಮೆ ಹೆಂಡತಿಯನ್ನು ಕಳಿಸುತ್ತೇನೆಂದ. ಮತ್ತೊಮ್ಮೆ, ತಮ್ಮನೂ ತನ್ನನ್ನು ಬೈದಿದ್ದನಲ್ಲ, ಅವನೇ ಮೊದಲು ಬರಲಿ ಎಂದು ಸಿಟ್ಟಾದ. ಪ್ರತಿ ಸಲವೂ ದೊನ್ ಲೀಬೆರ್ "ಸಾಗಲಿ" ಎಂದರೇ ವಿನಾ ಹೀಗೆ ಮಾಡು ಎನ್ನಲಿಲ್ಲ. ಕೊನೆಗೆ ವಸಂತದ ಒಂದು ದಿನ ವಿಲ್ಮಾರ್ ಹೋಗಿ ಬಾಗಿಲು ತಟ್ಟಿದ, ಆರಿಯೆಲ್ ತೆರೆಯಲಿಲ್ಲ. ಎರಡನೆಯ ಸಲ ಹೋದಾಗ ತೆರೆದ, ಕೇಳಿಸಿಕೊಂಡ, ಒಂದು ಮಾತು ಹೇಳಿದ: "ಕಳ್ಳ ಅಂದಿದ್ದು ಅಂಗಡೀಲಿ. ಇಲ್ಲಿ ಬಂದು ಪಿಸುಗುಟ್ಟಿದ್ರೆ ಆಯ್ತಾ?" ಮುಂದಿನ ಭಾನುವಾರ ಬೆಳಿಗ್ಗೆ, ಬೇಕರಿಯ ಸಾಲು ಬಾಗಿಲಾಚೆಗೂ ಬೆಳೆದಿರುವ ಹೊತ್ತಿನಲ್ಲಿ, ಆರಿಯೆಲ್ ಬಂದು ಸಾಲಿನ ಕೊನೆಯಲ್ಲಿ ನಿಂತ. ವಿಲ್ಮಾರ್ ಕೈಯ ಹಿಟ್ಟು ಒರೆಸಿಕೊಂಡು ಗಲ್ಲೆಯಿಂದ ಹೊರಗೆ ಬಂದು ತಪ್ಪು ತನ್ನದೆಂದು ಎಲ್ಲರ ಮುಂದೆ ಹೇಳಿದ. ಆರಿಯೆಲ್ ಮುಂದೆ ಬಂದು ಗಾಜಿನ ಪೆಟ್ಟಿಗೆಯಿಂದ ಒಂದು ಬನ್ನು ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದ. "ನಾನಿಲ್ಲದೆ ಇದನ್ನ ಹಾಳು ಮಾಡಿದೀಯ" ಎಂದು ಒಳಗೆ ಹೋಗಿ ಏಪ್ರನ್ ಕಟ್ಟಿಕೊಂಡ.

ತನ್ನ ಅಭಿಪ್ರಾಯವನ್ನು ಪೂರ್ಣ ನಾಮಧೇಯದೊಂದಿಗೆ ಜಾಲತಾಣದಲ್ಲಿ ಹಾಕಲೇಬೇಕೆಂದು ವಿಲ್ಮಾರ್ ಹಟ ಹಿಡಿದ. ಮಾಯ್ತೆ ಹಾಕಿದಳು. "ರೆಫರಿಯಾಗಿ ಇವರನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಕೋಚ್ ಆಗಿ ಹೋಗಿ ನೋಡಿ. ವಿಲ್ಮಾರ್ ಫಗುಂದೆಸ್, ಫಾರೋಲ್ ತಂಡದ ನಾಯಕ." ಊರಿಗೆ ಅಷ್ಟು ಸಾಕಾಯಿತು. ಮೊದಲು ಕುತೂಹಲಕ್ಕೆ ಬಂದರು, ಆಮೇಲೆ ಅಗತ್ಯಕ್ಕೆ ಬಂದರು. ಮುಷ್ಕರ ನಿಲ್ಲಿಸಿದ್ದು ತಪ್ಪಾಯಿತೇನೋ ಎಂದು ಕೊರಗುವ ಕಾರ್ಮಿಕ ನಾಯಕ, ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನೇ ನಂಬಿದ ತಾಯಿ, ಕೈಕೆಳಗಿನವರನ್ನು ಆರಿಸಿ ಕೆಲಸದಿಂದ ತೆಗೆಯಬೇಕಾದ ಕಾರ್ಖಾನೆಯ ಮೇಲ್ವಿಚಾರಕ. ತಾವು ಗೆದ್ದ ಕಥೆ ಹೇಳುವ ಕೋಚ್‌ಗಳ ಬಳಿ ಹೋಗಲು ಇವರಿಗೆಲ್ಲ ಸಂಕೋಚವಿತ್ತು. ಒಂದು ದಿನ ಆ ಮುಖ್ಯೋಪಾಧ್ಯಾಯಿನಿಯೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. "ಕಾರನ್ನ ಈಗ ಸರಿಯಾಗಿ ನಿಲ್ಲಿಸಿದೀನಿ" ಎಂದರು. "ಒಳ್ಳೇದಾಯ್ತು, ಬನ್ನಿ" ಎಂದು ಇವರು ಕುರ್ಚಿ ತೋರಿದರು. ಕೋಣೆಯ ಕರಾರು ಮುಂದುವರಿಯಿತು. ಟೀವಿಯವರಿಗೆ ಏನೆಂದಿರಿ ಎಂದು ನಾನು ಕೇಳಿದಾಗ, "ವೆಬ್‌ಸೈಟಿನ ವಿಳಾಸ ಕಳಿಸಿದೆ, ಅವರಲ್ಲೂ ಯಾರಿಗಾದ್ರೂ ಬೇಕಾಗಬಹುದು ಅಂತ" ಎಂದರು. ಅಲ್ಲಿಂದಲೂ ಒಬ್ಬರು ಬಂದರೆಂದು ಮಾಯ್ತೆಯಿಂದ ತಿಳಿಯಿತು. ಯಾರೆಂದು ದೊನ್ ಲೀಬೆರ್ ಹೇಳಲಿಲ್ಲ.

ಈಗ ಚೌಕವನ್ನು ಅವರು ಮತ್ತೆ ಮೂಲೆಯಿಂದ ಮೂಲೆಗೆ ದಾಟುತ್ತಾರೆ. ತಮ್ಮ ತಾಣದಲ್ಲಿ ಆ ದೃಶ್ಯವನ್ನು ಎಷ್ಟು ಜನ ನೋಡಿದರೆಂದು ಮಾಯ್ತೆ ಹೆಮ್ಮೆಯಿಂದ ಹೇಳಿದರೆ, "ಇಷ್ಟು ಚೆನ್ನಾಗಿ ಓಡೋ ಸಿನಿಮಾಗೆ ನಿರ್ಮಾಪಕರು ನನಗೆ ಏನಾದ್ರೂ ಕೊಡಬೇಕಲ್ವಾ?" ಎಂದು ಛೇಡಿಸುತ್ತಾರೆ. ಚೆಲಾ ಅವರ ಪ್ರಕಾರ ನಿದ್ದೆಯಲ್ಲಿ ಮಾತಾಡುವುದು ನಿಂತಿದೆ. ಗೊರಕೆ ಶುರುವಾಗಿದೆ, ಅದಕ್ಕಿಂತ ಮಾತೇ ವಾಸಿಯಿತ್ತು.

ಪರರ ನಡುವೆ ನಿಂತು ಹೌದು ಅಥವಾ ಅಲ್ಲ ಎನ್ನಬೇಕಾದ ಕೆಲಸವನ್ನು ಹೊತ್ತವರ ಬಾಳು ವಿಚಿತ್ರವಾದುದು. ಅವರು ಸರಿಯಾಗಿ ಹೇಳಿದ ಅಸಂಖ್ಯ ಮಾತುಗಳು ಆಟದೊಳಗೆ ಕರಗಿ ಹೋಗುತ್ತವೆ. ತಪ್ಪಿದ ಒಂದು ಮಾತು ಅವರ ಹೆಸರಾಗಿ ನಿಲ್ಲುತ್ತದೆ. ಅಂಥವರಲ್ಲಿ ಬಹುಪಾಲು ಜನ ಆ ಹೆಸರಿನಿಂದ ದೂರ ಓಡುತ್ತಾರೆ, ಹಲವರು ಅದನ್ನು ಮುಚ್ಚಿ ಮೇಲೊಂದು ಪರ್ವತದ ಚಿತ್ರ ತೂಗುಹಾಕುತ್ತಾರೆ, ಕೆಲವರು ಪಶ್ಚಾತ್ತಾಪವನ್ನೇ ಆಭರಣವಾಗಿ ತೊಟ್ಟು ಮೆರೆಯುವುದೂ ಉಂಟು. ದೊನ್ ಲೀಬೆರ್ ಅವರಂಥವರು ಈ ಯಾವ ದಾರಿಯನ್ನೂ ಹಿಡಿಯುವುದಿಲ್ಲ. ತಮ್ಮ ತಪ್ಪಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು, ಇನ್ನೊಂದನ್ನು ಬರುವವರಿಗಾಗಿ ಖಾಲಿ ಇಟ್ಟು, ತೃಪ್ತರಾಗಿ ಕಾಯುತ್ತಾರೆ. ನ್ಯಾಯ ಹೇಳುವವರಿಗೆ ಲೋಕದಲ್ಲಿ ಎಂದೂ ಕೊರತೆಯಾಗಿಲ್ಲ. ತಪ್ಪಿದ ಮೇಲೂ ಹುಡುಕಿದರೆ ಸಿಗುವ ವಿಳಾಸದಲ್ಲಿ ಇರುವವರು ಅಪರೂಪ.